ಲೋಬಾನದ ಪೊಟ್ಟಣದ ಮೇಲೆ ಊರಿನ ಹೆಸರಿರಲಿ

ಮಾನ್ಯ ಪರಿಶಿಷ್ಟ ಪಂಗಡಗಳ ಕಲ್ಯಾಣ ಸಚಿವರಿಗೆ,

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಮರದ ಅಂಟು, ಧೂಪ ನಿತ್ಯದ ಸಾಮಾನು. ಬಾಣಂತಿಗೆ ಅಂಟಿನುಂಡಿ ಆಗಬೇಕು, ಅಮಾವಾಸ್ಯೆಗೆ ಊದು ಹಾಕಬೇಕು. ಮುದಗಲ್ಲಿನ ಮೊಹರಂನಲ್ಲಂತೂ ಲೋಬಾನ ಸುಡುವ ಕೈ ಹಿಂದೂವಿನದೋ ಮುಸ್ಲಿಮರದೋ ಎಂದು ಯಾರೂ ಕೇಳುವುದಿಲ್ಲ.

ಈಚೆಗೆ ನಮಗೆ ಸಿಗುತ್ತಿರುವ ಮಾಲು ಹೇಗಿದೆ ನೋಡಿ. ಕೆಂಡದ ಮೇಲೆ ನೊರೆಯುಕ್ಕಿ ಕರಗಿ ಬಿಳಿ ಹೊಗೆ ಬಿಡಬೇಕಾದ ಲೋಬಾನ ಕರಿಹೊಗೆ ಕಾರಿ ಗಂಟಲು ಹಿಡಿಯುತ್ತದೆ. ಕಾದ ತುಪ್ಪದಲ್ಲಿ ಜೋಳದ ಅರಳಿನಂತೆ ಉಬ್ಬಬೇಕಾದ ಅಂಟು ಬಾಣಲೆಯ ತಳಕ್ಕೆ ಮೆತ್ತಿಕೊಳ್ಳುತ್ತದೆ. ಎಲ್ಲಿಯದೆಂದು ಅಂಗಡಿಯಲ್ಲಿ ಕೇಳಿದರೆ, 'ಹೈದರಾಬಾದ್ ಮಾಲ್ ರೀ' ಎಂಬ ಉತ್ತರ. ಹೈದರಾಬಾದಿನ ಯಾವ ಓಣಿಯಲ್ಲಿ ಕಾಡಿದೆಯೋ!

ಅಸಲಿ ಲೋಬಾನ ದೂರದ ಸುಮಾತ್ರಾದ್ದು. ಅಲ್ಲಿನ ಬಟಕ್ ಜನ ತೊಗಟೆ ಗೀರಿ ತೆಗೆಯುವಂಥದ್ದು. ಅದಿರಲಿ. ನಮ್ಮದೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಧೂಪದ ಮರದ ರಾಳವನ್ನು ತಲೆಮಾರುಗಳಿಂದ ಬಲ್ಲವರು. 2002ರ ವನ್ಯಜೀವಿ ಕಾಯ್ದೆ ತಿದ್ದುಪಡಿಯ ನಂತರ ಅಲ್ಲಿ ಕಾಡಿನ ಕಿರು ಉತ್ಪನ್ನಗಳನ್ನು ಮಾರಲು ತರುವುದಕ್ಕೆ ತಡೆ ಬಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಸಂಗ್ರಹ, ಮಾರಾಟ ಎರಡನ್ನೂ ಹಕ್ಕೆಂದು ಒಪ್ಪಿತು. 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಇಷ್ಟಾದರೂ ಅವರ ಧೂಪ ನಮ್ಮ ಸಂತೆಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘಗಳು ಇರುವುದು ಮತ್ಯಾವ ಕೆಲಸಕ್ಕೆ?

ಇದು ಬರೀ ಗ್ರಾಹಕರ ತಕರಾರಲ್ಲ. ಧೂಪದ ಮರ ತಾನಾಗಿ ಸುರಿಸಿದ ರಾಳವನ್ನು ಹೆರೆದು ತರಲು ದಿನಗಟ್ಟಲೆ ಕಾಡು ಅಲೆಯಬೇಕು. ಬುಡ ಕೊಚ್ಚಿ ಬೆಂಕಿ ತಾಗಿಸಿದರೆ ರಾಳ ಬೇಗ ಇಳಿಯುತ್ತದೆ, ಕ್ರಮೇಣ ಮರ ಸಾಯುತ್ತದೆ. ತಾಳ್ಮೆಯಿಂದ ತಂದವನಿಗೂ ಬೆಂಕಿಯಿಟ್ಟು ತಂದವನಿಗೂ ದಲ್ಲಾಳಿ ಒಂದೇ ದರ ಕಟ್ಟಿದರೆ ಮರ ಉಳಿಯುವುದು ಹೇಗೆ?

ಗಿರಿಜನ ಸಂಘಗಳ ಧೂಪ, ಅಂಟು ಮಾರುವ ಮಳಿಗೆಗಳನ್ನು ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ತೆರೆಯಿರಿ. ಮಸ್ಕಿ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೇ ಮೀಸಲಾದದ್ದು. ಮೊದಲನೆಯದು ಅಲ್ಲಿಯೇ ಆಗಲಿ. ಸಂಗ್ರಹಿಸಿದವರ ಊರು, ಸಂಘ, ಅವರಿಗೆ ಸಂದ ದರ ಪೊಟ್ಟಣದ ಮೇಲಿರಲಿ. ಅಂಟು ಬಾಣಂತಿಯರ ಹೊಟ್ಟೆಗೆ ಹೋಗುವ ಪದಾರ್ಥ. ಆಹಾರ ಸುರಕ್ಷತಾ ಅಧಿಕಾರಿಗಳು ಕಿರಾಣಿ ಅಂಗಡಿಗಳಿಂದ ಮಾದರಿ ತೆಗೆದು ಪರೀಕ್ಷಿಸುವಂತೆಯೂ ನೋಡಿಕೊಳ್ಳಿ. ಬರುವ ಮೊಹರಂನೊಳಗೆ ಒಂದು ಮಳಿಗೆಯಾದರೂ ಬಾಗಿಲು ತೆರೆಯಲೆಂದು ವಿನಂತಿ.

ಇಂತಿ,
ಸಿಂಧನೂರಿನ ಒಬ್ಬ ಗ್ರಾಹಕ