ಕತ್ತಲೆಗೂ ಒಂದು ಫೋಟೊ

1838ರಲ್ಲಿ ಪ್ಯಾರಿಸ್ಸಿನಲ್ಲಿ ತೆಗೆದ ಒಂದು ಪ್ರಸಿದ್ಧ ಫೋಟೊ ಇದೆ. ಲೂಯಿ ಡಾಗೇರ್ ಎಂಬ ಫ್ರೆಂಚ್ ಕಲಾವಿದ ಎತ್ತರದ ಕಿಟಕಿಯೊಂದರಿಂದ ತೆಗೆದ ರಸ್ತೆಯ ಚಿತ್ರ ಅದು. ಕಟ್ಟಡಗಳು, ಚಿಮಣಿಗಳು, ಸಾಲುಮರಗಳು ಎಲ್ಲವೂ ಸ್ಪಷ್ಟವಾಗಿವೆ. ಆದರೆ ಜನರಿಂದ, ಕುದುರೆಗಾಡಿಗಳಿಂದ ಗಿಜಿಗುಡುತ್ತಿದ್ದ ಆ ಬೀದಿ ಚಿತ್ರದಲ್ಲಿ ಬಿಕೋ ಎನ್ನುತ್ತಿದೆ. ಒಂದು ಮೂಲೆಯಲ್ಲಿ ಮಾತ್ರ ಒಬ್ಬಾತ ಕಾಲು ಎತ್ತಿಟ್ಟು ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತಿದ್ದಾನೆ. ಮಿಕ್ಕವರೆಲ್ಲ ಎಲ್ಲಿ ಹೋದರು?

ಎಲ್ಲಿಗೂ ಹೋಗಿರಲಿಲ್ಲ. ಡಾಗೇರ್ ಬಳಸಿದ ಬೆಳ್ಳಿಲೇಪದ ತಗಡಿನ ಮೇಲೆ ಚಿತ್ರ ಮೂಡಬೇಕಾದರೆ ಹಲವು ನಿಮಿಷ ಬೆಳಕು ಬೀಳಬೇಕಿತ್ತು. ನಡೆದುಹೋಗುವ ಮನುಷ್ಯ ಒಂದು ಜಾಗದಲ್ಲಿ ಇರುವುದು ಒಂದೆರಡು ಸೆಕೆಂಡು. ಉಳಿದಷ್ಟೂ ಹೊತ್ತು ಆ ಜಾಗದಿಂದ ಬರುವುದು ಹಿಂದಿನ ಗೋಡೆಯ, ನೆಲದ ಬೆಳಕು. ಹಾಗಾಗಿ ಗೋಡೆ ಉಳಿಯಿತು, ಮನುಷ್ಯ ಅಳಿಸಿಹೋದ. ಬೂಟು ಒರೆಸಿಕೊಳ್ಳುತ್ತ ಒಂದೇ ಕಡೆ ನಿಂತವನಿಗೆ ಮಾತ್ರ ಚಿತ್ರದಲ್ಲಿ ಜಾಗ ಸಿಕ್ಕಿತು.

ಅಂದು ಅನಿವಾರ್ಯವಾಗಿದ್ದ ಈ ದೀರ್ಘ ಕಾಯುವಿಕೆಯನ್ನು ಇಂದು ಛಾಯಾಗ್ರಾಹಕರು ಬೇಕೆಂದೇ ಮಾಡುತ್ತಾರೆ. ಇದಕ್ಕೆ ಲಾಂಗ್ ಎಕ್ಸ್‌ಪೋಷರ್ ಎಂದು ಹೆಸರು. ಸಾಮಾನ್ಯವಾಗಿ ಕ್ಯಾಮರಾದ ಷಟರು ಒಂದು ಸೆಕೆಂಡಿನ 125ನೇ ಒಂದು ಭಾಗದಷ್ಟು ಹೊತ್ತು ತೆರೆದಿರುತ್ತದೆ ಎಂದುಕೊಳ್ಳೋಣ. ಅದನ್ನೇ 4 ನಿಮಿಷ, ಎಂದರೆ 240 ಸೆಕೆಂಡು ತೆರೆದಿಟ್ಟರೆ ಒಳಗೆ ಬರುವ ಬೆಳಕು 30,000 ಪಟ್ಟು! ಬರಿಗಣ್ಣಿಗೆ ಕಾಣದ ನಕ್ಷತ್ರಗಳು ಆಗ ಚಿತ್ರಕ್ಕೆ ಬರುತ್ತವೆ. ಭೂಮಿ 4 ನಿಮಿಷದಲ್ಲಿ ಒಂದು ಡಿಗ್ರಿ ತಿರುಗುವುದರಿಂದ ಅವು ಚುಕ್ಕೆಗಳಾಗಿ ಅಲ್ಲ, ಸಣ್ಣ ಗೀರುಗಳಾಗಿ ಮೂಡುತ್ತವೆ. ಧುಮುಕುವ ನೀರು ಹಾಲಿನ ನೊರೆಯಾಗುತ್ತದೆ. ಹಗಲಿನಲ್ಲಿಯೂ ಇದನ್ನು ಮಾಡಬಹುದು. ಬೆಳಕನ್ನು ಸಾವಿರದಲ್ಲೊಂದು ಪಾಲಿಗೆ ಇಳಿಸುವ ಕಪ್ಪು ಗಾಜಿನ ಫಿಲ್ಟರನ್ನು ಮಸೂರದ ಮುಂದೆ ಹಾಕಿದರೆ, ಸೆಕೆಂಡಿನ 30ನೇ ಒಂದು ಭಾಗ ಸಾಕಾಗಿದ್ದ ಕಡೆ 33 ಸೆಕೆಂಡು ಬೇಕಾಗುತ್ತದೆ.

ಈ ಕೆಲಸಕ್ಕೆ ರೇಂಜ್‌ಫೈಂಡರ್ ಎಂಬ ಬಗೆಯ ಕ್ಯಾಮರಾ ಬಳಸಿದರೆ ಒಂದು ವಿಶೇಷ ಕಾಣುತ್ತದೆ. ಮೂಗಿನ ಮುಂದೆ ಒಂದು ಬೆರಳು ಹಿಡಿದು, ಎಡಗಣ್ಣು ಬಲಗಣ್ಣುಗಳನ್ನು ಒಂದಾದ ಮೇಲೊಂದು ಮುಚ್ಚಿ ನೋಡಿ. ಬೆರಳು ಅತ್ತಿತ್ತ ನೆಗೆದಂತೆ ಕಾಣುತ್ತದೆ. ಬೆರಳು ದೂರ ಹೋದಷ್ಟೂ ನೆಗೆತ ಕಡಿಮೆ. ಈ ನೆಗೆತವನ್ನು ಅಳೆದೇ ರೇಂಜ್‌ಫೈಂಡರ್ ದೂರವನ್ನು ತಿಳಿಯುತ್ತದೆ. ಅದರ ಮುಂಭಾಗದಲ್ಲಿ ಎರಡು ಕಿಂಡಿಗಳಿವೆ. ಲೈಕಾ ಕಂಪನಿಯ ಎಂ ಮಾದರಿಗಳಲ್ಲಿ ಇವುಗಳ ನಡುವಿನ ಅಂತರ ಸುಮಾರು 7 ಸೆಂಟಿಮೀಟರ್, ನಮ್ಮ ಎರಡು ಕಣ್ಣುಗಳ ಅಂತರಕ್ಕಿಂತ ತುಸು ಹೆಚ್ಚು. ಎರಡು ಕಿಂಡಿಗಳ ನೋಟವೂ ಒಂದರ ಮೇಲೊಂದು ಬೀಳುತ್ತದೆ. ಮಸೂರದ ಬಳೆಯನ್ನು ತಿರುಗಿಸುತ್ತ ಹೋದಂತೆ ಎರಡು ಬಿಂಬಗಳೂ ಹತ್ತಿರವಾಗುತ್ತವೆ. ಅವು ಕೂಡಿ ಒಂದಾದಾಗ ಫೋಕಸ್ ಸರಿಯಾಯಿತೆಂದು ಅರ್ಥ.

ಇಲ್ಲಿ ಕಣ್ಣಿಗೆ ಕಾಣುವುದು ಕಿಂಡಿಯ ನೋಟವೇ ಹೊರತು ಮಸೂರದ ನೋಟವಲ್ಲ. ಆದ್ದರಿಂದ ಕಪ್ಪು ಫಿಲ್ಟರ್ ಹಾಕಿದರೂ ದೃಶ್ಯ ಮಬ್ಬಾಗುವುದಿಲ್ಲ. ಷಟರು ತೆರೆದಿರುವಷ್ಟು ಹೊತ್ತೂ ಎದುರಿನ ದೃಶ್ಯವನ್ನು ನೋಡುತ್ತಲೇ ಇರಬಹುದು. ಕನ್ನಡಿ ಎದ್ದೇಳುವ ಎಸ್.ಎಲ್.ಆರ್. ಕ್ಯಾಮರಾದಲ್ಲಿ ಆ ಹೊತ್ತಿಗೆ ಕಿಂಡಿ ಕತ್ತಲಾಗುತ್ತದೆ. ಆದರೆ ಈ ಅನುಕೂಲವೇ ಅಪಾಯವೂ ಹೌದು. ಮಸೂರದ ಮುಚ್ಚಳ ತೆಗೆಯಲು ಮರೆತರೂ ಕಿಂಡಿಯಲ್ಲಿ ದೃಶ್ಯ ಝಗಝಗಿಸುತ್ತಿರುತ್ತದೆ! ಕಣ್ಣು ನೋಡಿದ್ದು ಒಂದು, ಉಪಕರಣ ನೋಡಿದ್ದು ಇನ್ನೊಂದು.

ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಬಂದದ್ದು 2004ರಲ್ಲಿ, ಜಪಾನಿನ ಎಪ್ಸನ್ ಕಂಪನಿಯಿಂದ. 2006ರಲ್ಲಿ ಜರ್ಮನಿಯ ಲೈಕಾ ತನ್ನ ಎಂ8 ಮಾದರಿಯನ್ನು ತಂದಿತು. ಇವುಗಳಲ್ಲಿ ಫಿಲ್ಮ್ ಇಲ್ಲ. ಅದರ ಬದಲು ಸಿಲಿಕಾನ್ ಸಂವೇದಕ ಇದೆ. ಅದರ ಮೇಲೆ ಲಕ್ಷಗಟ್ಟಲೆ ಪುಟ್ಟ ಪುಟ್ಟ ಕೋಶಗಳು. ಬೆಳಕು ಬಿದ್ದಾಗ ಪ್ರತಿ ಕೋಶದಲ್ಲೂ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಿ ಸಂಗ್ರಹವಾಗುತ್ತವೆ, ಮಳೆಗೆ ಇಟ್ಟ ಬಟ್ಟಲುಗಳಲ್ಲಿ ನೀರು ತುಂಬಿದ ಹಾಗೆ. ಷಟರು ಮುಚ್ಚಿದ ಮೇಲೆ ಯಾವ ಬಟ್ಟಲಿನಲ್ಲಿ ಎಷ್ಟಿದೆ ಎಂದು ಲೆಕ್ಕ ಹಾಕಿದರೆ ಚಿತ್ರ ಸಿದ್ಧ.

ತೊಡಕು ಇರುವುದು ಇಲ್ಲಿಯೇ. ಎಲೆಕ್ಟ್ರಾನನ್ನು ಬಿಡಿಸಲು ಬೆಳಕೇ ಬೇಕೆಂದಿಲ್ಲ, ಶಾಖವೂ ಬಿಡಿಸುತ್ತದೆ. ಬೆಳಕಿನಿಂದ ಬಂದದ್ದು ಯಾವುದು, ಶಾಖದಿಂದ ಬಂದದ್ದು ಯಾವುದು ಎಂಬುದು ಬಟ್ಟಲಿಗೆ ತಿಳಿಯದು. ಕ್ಷಣಮಾತ್ರದ ಚಿತ್ರದಲ್ಲಿ ಈ ಕಳ್ಳ ಎಲೆಕ್ಟ್ರಾನ್‌ಗಳು ಲೆಕ್ಕಕ್ಕಿಲ್ಲ. ನಾಲ್ಕು ನಿಮಿಷ ಕಾದರೆ ಮಾತ್ರ ಅವು ರಾಶಿಯಾಗುತ್ತವೆ. ಸಂವೇದಕದ ಉಷ್ಣತೆ ಸುಮಾರು 6ರಿಂದ 8 ಡಿಗ್ರಿ ಸೆಲ್ಸಿಯಸ್ ಏರಿದರೆ ಅವುಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಕೆಲವು ಕೋಶಗಳು ಹುಟ್ಟಿನಿಂದಲೇ ಹೆಚ್ಚು ಸೋರುವಂಥವು. ಪರಿಣಾಮವಾಗಿ ಕಪ್ಪು ಆಕಾಶದಲ್ಲಿ ಕೆಂಪು, ನೀಲಿ, ಬಿಳಿ ಚುಕ್ಕೆಗಳು ಕಾಣಿಸುತ್ತವೆ. ಅವು ನಕ್ಷತ್ರಗಳಲ್ಲ. ಅಲ್ಲಿ ಏನೂ ಇಲ್ಲ! ಪ್ಯಾರಿಸ್ಸಿನ ಚಿತ್ರದಲ್ಲಿ ಇದ್ದವರು ಕಾಣಲಿಲ್ಲ. ಇಲ್ಲಿ ಇಲ್ಲದ್ದು ಕಾಣುತ್ತದೆ.

ಇದಕ್ಕೆ ಪರಿಹಾರವೇನು? 2009ರಲ್ಲಿ ಬಂದ ಲೈಕಾ ಎಂ9 ಕ್ಯಾಮರಾ ಹೆಚ್ಚೆಂದರೆ 4 ನಿಮಿಷ ಷಟರು ತೆರೆದಿಡುತ್ತಿತ್ತು. ಅಷ್ಟು ಹೊತ್ತು ಕಾದು ಚಿತ್ರ ತೆಗೆದ ಮೇಲೂ ಅದು ಫೋಟೊ ತೋರಿಸುತ್ತಿರಲಿಲ್ಲ. ಷಟರು ಮುಚ್ಚಿಕೊಂಡು, ಮತ್ತೆ ಅಷ್ಟೇ ಹೊತ್ತು ಕತ್ತಲೆಯ ಫೋಟೊ ತೆಗೆಯುತ್ತಿತ್ತು. ಬೆಳಕೇ ಇಲ್ಲದ ಈ ಎರಡನೆಯ ಚಿತ್ರದಲ್ಲಿ ಇರುವುದೆಲ್ಲ ಶಾಖದ ಕೈವಾಡ. ಅದನ್ನು ಮೊದಲ ಚಿತ್ರದಿಂದ ಕಳೆದರೆ ಸುಳ್ಳು ಚುಕ್ಕೆಗಳು ಮಾಯ.

ತುಪ್ಪ ತೂಗುವ ಅಂಗಡಿಯವರು ಮೊದಲು ಖಾಲಿ ಡಬ್ಬವನ್ನು ತೂಗಿ, ಆ ತೂಕವನ್ನು ಕಳೆಯುವುದಿಲ್ಲವೆ? ಇದೂ ಅದೇ. ಪ್ರಯೋಗಾಲಯದಲ್ಲಿ ವಿಜ್ಞಾನಿಗಳು ಮಾಡುವ ನಿಯಂತ್ರಿತ ಪ್ರಯೋಗವೂ ಇದೇ. ಪರೀಕ್ಷಿಸಬೇಕಾದ ಒಂದು ಅಂಶವನ್ನು ಮಾತ್ರ ಬಿಟ್ಟು, ಉಳಿದೆಲ್ಲವನ್ನೂ ಹಾಗೆಯೇ ಇಟ್ಟು ಮತ್ತೊಮ್ಮೆ ನೋಡುವುದು. ಉಳಿದೆಲ್ಲವೂ ಹಾಗೆಯೇ ಇರಬೇಕು ಎಂಬುದು ಮುಖ್ಯ. ಎರಡನೆಯ ಚಿತ್ರಕ್ಕೆ ಒಂದೇ ನಿಮಿಷ ಕೊಟ್ಟರೆ, ಇಲ್ಲವೆ ಕ್ಯಾಮರಾ ತಣ್ಣಗಾದ ಮೇಲೆ ತೆಗೆದರೆ ಲೆಕ್ಕ ತಪ್ಪುತ್ತದೆ. ಇಷ್ಟಾದರೂ ಎಲ್ಲ ದೋಷವೂ ಹೋಗುವುದಿಲ್ಲ. ಪ್ರತಿ ಸಲ ಒಂದೇ ಬಗೆಯಲ್ಲಿ ಮರುಕಳಿಸುವ ತಪ್ಪನ್ನು ಕಳೆಯಬಹುದು. ಮನಬಂದಂತೆ ಏರಿಳಿಯುವ ತಪ್ಪು ಉಳಿದೇ ಉಳಿಯುತ್ತದೆ. ಖಗೋಳ ವಿಜ್ಞಾನಿಗಳು ಈ ವಿಧಾನವನ್ನು ಬಳಸುವುದರ ಜೊತೆಗೆ ಶಾಖದ ಬೇರನ್ನೇ ಕತ್ತರಿಸಲು ದೂರದರ್ಶಕದ ಸಂವೇದಕವನ್ನು ದ್ರವ ಸಾರಜನಕದಿಂದ ತಣ್ಣಗಿಡುವುದುಂಟು.

2022ರಲ್ಲಿ ಬಂದ ಲೈಕಾ ಎಂ11 ಒಂದು ಗಂಟೆಯವರೆಗೂ ಷಟರು ತೆರೆದಿಡಬಲ್ಲದು. ಆದರೆ ಇಂಥ ಕ್ಯಾಮರಾಗಳ ಬೆಲೆ ಲಕ್ಷಗಳಲ್ಲಿ. ಮಕ್ಕಳು ಕೇಳಿದರೆಂದು ತಂದೆತಾಯಂದಿರು ಗಾಬರಿಯಾಗಬೇಕಿಲ್ಲ. ಈ ಪಾಠಕ್ಕೆ ಮನೆಯ ಮೊಬೈಲ್ ಫೋನೇ ಸಾಕು. ಅನೇಕ ಫೋನುಗಳಲ್ಲಿ ಪ್ರೊ ಎಂಬ ವ್ಯವಸ್ಥೆಯಡಿ 30 ಸೆಕೆಂಡಿನವರೆಗೆ ಷಟರು ತೆರೆದಿಡಬಹುದು. ಬೆಳಗಿನ ತಂಪಿನಲ್ಲಿ ಫೋನಿನ ಮಸೂರಕ್ಕೆ ದಪ್ಪ ಕಪ್ಪು ಬಟ್ಟೆ ಮುಚ್ಚಿ, ಕತ್ತಲೆ ಕೋಣೆಯಲ್ಲಿ ಮೇಜಿನ ಮೇಲಿಟ್ಟು 30 ಸೆಕೆಂಡಿನ ಚಿತ್ರ ತೆಗೆಯಿರಿ. ಆಮೇಲೆ ಅರ್ಧ ಗಂಟೆ ವಿಡಿಯೊ ತೆಗೆದು, ಫೋನು ಬೆಚ್ಚಗಾದಾಗ ಐ.ಎಸ್.ಓ. ಅಂಕಿಯನ್ನು ಬದಲಿಸದೆ ಮತ್ತೊಂದು ತೆಗೆಯಿರಿ. ಫೋನು ತಾನಾಗಿ ಚುಕ್ಕೆಗಳನ್ನು ಅಳಿಸಿಬಿಡುವುದುಂಟು. ಆದ್ದರಿಂದ ರಾ ಎಂಬ ಕಚ್ಚಾ ರೂಪದಲ್ಲಿ ಉಳಿಸುವ ಸೌಲಭ್ಯವಿದ್ದರೆ ಅದನ್ನೇ ಬಳಸಿ. ಎರಡನ್ನೂ ದೊಡ್ಡದು ಮಾಡಿ, ಚುಕ್ಕೆಗಳನ್ನು ಎಣಿಸಿ, ವಹಿಯಲ್ಲಿ ಬರೆದಿಡಿ.

ಮುಂದೆ ಯಾರಾದರೂ ರಾತ್ರಿಯ ಆಕಾಶದ ಫೋಟೊ ತೋರಿಸಿ, 'ನೋಡು, ಇಲ್ಲೊಂದು ವಿಚಿತ್ರ ಬೆಳಕು' ಎಂದರೆ ಕೂಡಲೇ ನಂಬಲೂ ಬೇಡಿ, ನಗಲೂ ಬೇಡಿ. ಒಂದೇ ಪ್ರಶ್ನೆ ಕೇಳಿ: 'ಮುಚ್ಚಳ ಹಾಕಿ ಇನ್ನೊಂದು ತೆಗೆದು ನೋಡಿದಿರಾ?'