ಮನೆಯ ಮಾತು: ಚಳಿಯಲ್ಲಿ ಗುರಿಕಾರನ ಕೈಗವಸು

ಕಾರ್ತಿಕ ಮಾಸ ಕಳೆಯುತ್ತಿದ್ದಂತೆ ವೆಲಿಂಗ್ಟನ್ ಚೌಕದ ಬದಿಯಲ್ಲಿ ಉಣ್ಣೆ ಬಟ್ಟೆಯ ಅಂಗಡಿಗಳು ಸಾಲುಗಟ್ಟುತ್ತವೆ. ಬೆಟ್ಟದ ಸೀಮೆಯಿಂದ ಇಳಿದು ಬರುವ ಆ ವ್ಯಾಪಾರಿಗಳನ್ನು ಇಲ್ಲಿಯವರು ಒಟ್ಟಾಗಿ ಭೂಟಿಯಾ ಎಂದೇ ಕರೆಯುವುದು ವಾಡಿಕೆ. ನಮ್ಮ ನೆರೆಯ ಬಂಗಾಳಿ ಮಹಾಶಯರು ಮಂಕಿ ಟೋಪಿ ಏರಿಸಿದ ಮೇಲೆ ನಾವೂ ಸ್ವೆಟರು ಕೊಳ್ಳಲು ಹೊರಡುವುದುಂಟು. ಕೈಗವಸಿನ ಗೋಜಿಗೆ ಮಾತ್ರ ಹೋಗುವವರು ಕಡಿಮೆ. ಕೋಲ್ಕತ್ತದ ಚಳಿಗೆ ಅದು ಬೇಕಾಗುವುದೂ ಇಲ್ಲವೆನ್ನಿ.

ಆದರೆ ಈ ಸಲ ಲೇಕ್ ಮಾರ್ಕೆಟ್ ಕಡೆಯ ಸೋದರಿಯೊಬ್ಬರು ನಮ್ಮನ್ನು ಕೇಳಿರುವುದು ಕೈಗವಸಿನ ವಿಚಾರವನ್ನೇ. ಅವರ ಮಗಳು ರೈಫಲ್ ಗುರಿ ಕಲಿಯುತ್ತಿದ್ದಾಳೆ. ಜನವರಿಯಲ್ಲಿ ದೆಹಲಿಗೆ ಹೋಗಬೇಕಾಗಬಹುದು. ಅಲ್ಲಿಯ ಬೆಳಗಿನ ಚಳಿಯಲ್ಲಿ ಬೆರಳು ಮರಗಟ್ಟಿದರೆ ಗತಿಯೇನು, ಭೂಟಿಯಾ ಅಂಗಡಿಯ ದಪ್ಪ ಉಣ್ಣೆಯ ಕೈಗವಸು ಸಾಕೇ ಎಂಬುದು ಅವರ ಪ್ರಶ್ನೆ.

ಬಂದೂಕು ಎಂದೊಡನೆ ನಮ್ಮ ಹಿರಿಯರಿಗೆ ಬೇಟೆಯ ನೆನಪಾಗುವುದು ಸಹಜ. ಮಲೆನಾಡಿನಲ್ಲಿ ಹಂದಿ ಬೇಟೆಯ ಕಥೆಯಿಲ್ಲದ ಮನೆ ಅಪರೂಪ. ಇಲ್ಲಿಯೂ ಅಷ್ಟೆ, ನಗರದ ಪೂರ್ವಕ್ಕಿರುವ ಉಪ್ಪುಕೆರೆಗಳ ಜೌಗಿನಲ್ಲಿ ಇಂಗ್ಲಿಷ್ ಸಾಹೇಬರು ಚಳಿಗಾಲವೆಲ್ಲ ಹಕ್ಕಿ ಹೊಡೆಯುತ್ತಿದ್ದರು. ಆ ಜೌಗಿನ ಒಂದು ಭಾಗ ಇಂದು ಸಾಲ್ಟ್ ಲೇಕ್ ಬಡಾವಣೆಯಾಗಿದೆ. ಉಳಿದ ಜವುಳು ಭೂಮಿ 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ದೇಶದಲ್ಲಿ ಬೇಟೆಯ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತೆಂದು ನಮ್ಮ ಮತ. ಗುರಿಯಾಟ ಉಳಿದಿದೆ. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪದ್ಧತಿ ಈಗಲೂ ಇದೆ. ಬಂಗಾಳದ ಮಕ್ಕಳಂತೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದವರಲ್ಲ. ಕೋಲ್ಕತ್ತದ ಜಯದೀಪ್ ಕರ್ಮಾಕರ್ 2012ರ ಲಂಡನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು. ಹೂಗ್ಲಿ ಜಿಲ್ಲೆಯ ಮೆಹುಲಿ ಘೋಷ್ 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿ ಗೆದ್ದರು.

ಇನ್ನು ಪ್ರಶ್ನೆಗೆ ಬರೋಣ. ಗುರಿಕಾರನ ಎರಡು ಕೈಗಳಿಗೆ ಎರಡು ಬೇರೆ ಕೆಲಸ. ಆದ್ದರಿಂದ ಒಂದೇ ಜೋಡಿ ಕೈಗವಸಿನಿಂದ ಎರಡಕ್ಕೂ ಉಪಕಾರವಾಗದು. ಬಲಗೈಯವರಾದರೆ ಎಡಗೈ ರೈಫಲನ್ನು ಹೊರುತ್ತದೆ. ಹತ್ತು ಮೀಟರಿನ ಏರ್ ರೈಫಲು 5.5 ಕಿಲೋ ತನಕ ತೂಗಬಹುದು. ಗುರಿಯ ನಟ್ಟನಡುವಿನ ಚುಕ್ಕೆಯೋ ಅರ್ಧ ಮಿಲಿಮೀಟರ್! ಅಂಗೈಯ ನಾಡಿಯ ಬಡಿತವೇ ರೈಫಲನ್ನು ಅಲುಗಿಸಲು ಸಾಕು. ಆ ಬಡಿತವನ್ನು ತಡೆಯುವುದಕ್ಕೂ, ಭಾರವನ್ನು ಅಂಗೈಯ ತುಂಬ ಹರಡುವುದಕ್ಕೂ, ಜಾರದಂತೆ ಹಿಡಿಯುವುದಕ್ಕೂ ಎಡಗೈಗೆ ಮೆತ್ತೆಯಿಟ್ಟ ಕೈಗವಸು ಬೇಕು. ಬೆಚ್ಚಗಿಡುವುದು ಅದರ ಮುಖ್ಯ ಕೆಲಸವಲ್ಲ.

ಮೆತ್ತೆ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಅಂಗಡಿಯವನು ಹೇಳಿದರೆ ನಂಬಬೇಡಿ. ಅಂತರರಾಷ್ಟ್ರೀಯ ನಿಯಮದಂತೆ ಮುಂಬದಿ ಹಿಂಬದಿ ಎರಡೂ ಸೇರಿ ದಪ್ಪ 12 ಮಿಲಿಮೀಟರ್ ಮೀರಬಾರದು. ಮಣಿಕಟ್ಟಿನ ಗಂಟಿನಿಂದ ಆಚೆಗೆ 50 ಮಿಲಿಮೀಟರಿಗಿಂತ ಹೆಚ್ಚು ಚಾಚಬಾರದು. ಮಣಿಕಟ್ಟಿಗೆ ಬಿಗಿಯುವ ಪಟ್ಟಿಯೂ ಕೂಡದು. ದುಬಾರಿ ಬೆಲೆಗೆ ಕೊಂಡದ್ದು ಸ್ಪರ್ಧೆಯ ದಿನ ತಪಾಸಣೆಯ ಮೇಜಿನಲ್ಲಿ ತಿರಸ್ಕೃತವಾದರೆ ಮಗುವಿನ ಮನಸ್ಸು ಎಷ್ಟು ಕುಗ್ಗೀತು! ತರಬೇತುದಾರರನ್ನು ಕೇಳಿಯೇ ಕೊಳ್ಳಿ.

ಇನ್ನೊಂದು ಕೈ ಟ್ರಿಗರ್ ಎಳೆಯುವ ಕೈ. ಅಪಾಯವಿರುವುದು ಇಲ್ಲಿ. ದಪ್ಪ ಉಣ್ಣೆ ತೊಟ್ಟ ತೋರುಬೆರಳಿಗೆ ತಾನು ಟ್ರಿಗರನ್ನು ಮುಟ್ಟಿದೆನೋ ಇಲ್ಲವೋ ಎಂಬುದೇ ತಿಳಿಯದು. ಕಾವಲು ಬಳೆಯೊಳಗೆ ಬೆರಳು ತೂರಿಸುವಾಗಲೇ ಗುಂಡು ಹಾರಿಬಿಡಬಹುದು. ಆದ್ದರಿಂದ ಆ ಬೆರಳು ಬರಿದಾಗಿರಲಿ. ಹಾಗಾದರೆ ಚಳಿಗೆ? ಸರದಿ ಬರುವ ತನಕ ಸಡಿಲವಾದ ಉಣ್ಣೆಯ ಕೈಗವಸು ತೊಟ್ಟಿದ್ದು, ರೈಫಲನ್ನು ಎತ್ತಿಕೊಳ್ಳುವ ಮುನ್ನ ಕಳಚಿಡುವುದು. ಭೂಟಿಯಾ ಅಂಗಡಿಯ ಮಾಲು ಉಪಯೋಗಕ್ಕೆ ಬರುವುದು ಇಲ್ಲಿಯೇ. ಐದೂ ಬೆರಳಿಗೆ ಬೇರೆ ಬೇರೆ ಗೂಡಿರುವುದಕ್ಕಿಂತ ನಾಲ್ಕಕ್ಕೂ ಒಂದೇ ಚೀಲವಿರುವ ಮಿಟನ್ ಹೆಚ್ಚು ಬೆಚ್ಚಗಿರುತ್ತದೆ. ಬಿಗಿಯಾದುದನ್ನು ಮಾತ್ರ ತರಬೇಡಿ. ರಕ್ತ ಸರಿಯಾಗಿ ಓಡದೆ ಬೆರಳು ಮತ್ತಷ್ಟು ತಣ್ಣಗಾಗುತ್ತದೆ. ಹೆಣಿಗೆ ಬಲ್ಲ ಅಜ್ಜಿಯರು ಮನೆಯಲ್ಲಿದ್ದರೆ ಬೆರಳುಗಳನ್ನು ಬಿಟ್ಟು ಅಂಗೈ, ಮಣಿಕಟ್ಟು ಮುಚ್ಚುವ ಉಣ್ಣೆಯ ತೋಳು ಹಾಕಿಕೊಟ್ಟಾರು. ವಿರಾಮದ ಹೊತ್ತಿಗೆ ಅದೂ ಒಳ್ಳೆಯದೇ. ಎಲ್ಲಕ್ಕಿಂತ ಮೊದಲು ಎದೆ, ಕಿವಿ ಬೆಚ್ಚಗಿರಲಿ. ಮೈ ತಣ್ಣಗಾದರೆ ದೇಹವು ಕೈಕಾಲುಗಳಿಗೆ ರಕ್ತ ಕಳಿಸುವುದನ್ನೇ ಕಡಿಮೆ ಮಾಡುತ್ತದೆ. ಆಗ ಎಂಥ ಕೈಗವಸೂ ನಿರರ್ಥಕ.

ಕೋಲ್ಕತ್ತ ಚರ್ಮದ ಕೈಗವಸು ಹೊಲಿದು ಹೊರದೇಶಗಳಿಗೆ ಕಳಿಸುವ ಊರು. ಆ ಮಾಲು ಅಗ್ಗವಾಗಿ ಸಿಕ್ಕಿತೆಂದು ಯಾರಾದರೂ ತಂದುಕೊಟ್ಟಾರು. ಅದರಲ್ಲಿ ಬಹಳಷ್ಟು ಕಾರ್ಖಾನೆಯ ಕೆಲಸಗಾರರಿಗೆ, ಬೆಸುಗೆ ಹಾಕುವವರಿಗೆ ಮಾಡಿದ್ದು. ಗಟ್ಟಿಮುಟ್ಟು ನಿಜ, ಗುರಿಗೆ ಮಾತ್ರ ತಕ್ಕುದಲ್ಲ.

ಅಳತೆ ತೆಗೆಯುವುದು ಸುಲಭ. ಹೆಬ್ಬೆರಳನ್ನು ಬಿಟ್ಟು ಅಂಗೈಯ ಅಗಲವಾದ ಭಾಗದ ಸುತ್ತ ಟೇಪು ಹಿಡಿಯಿರಿ. ಬಂದ ಇಂಚೇ ಸಾಮಾನ್ಯವಾಗಿ ಕೈಗವಸಿನ ನಂಬರು. ಬೆಳೆಯುವ ಮಕ್ಕಳೆಂದು ಎರಡು ನಂಬರು ದೊಡ್ಡದು ತರುವ ನಮ್ಮವರ ಅಭ್ಯಾಸ ಶಾಲೆಯ ಬೂಟಿಗೆ ಸರಿಹೋದೀತು, ಇಲ್ಲಿ ಸಲ್ಲದು. ಸಡಿಲವಾದ ಮೆತ್ತೆಯೊಳಗೆ ಕೈ ಹೊರಳಿದರೆ ಗುರಿಯೂ ಹೊರಳುತ್ತದೆ.

ಸಾಂತ್ರಾಗಾಛಿ ಕೆರೆಗೆ ಚಳಿಗಾಲದಲ್ಲಿ ಬಾತುಗಳು ಬಂದಿಳಿದಾಗ ಕ್ಯಾಮೆರಾ ಹಿಡಿದು ಬೆಳಗಿನ ಮಂಜಿನಲ್ಲಿ ಕಾಯುವ ತರುಣರು ನಮ್ಮಲ್ಲಿಯೂ ಇದ್ದಾರೆ. ಅವರ ತೋರುಬೆರಳಿಗೂ ಇದೇ ಸಂಕಟ. ಅವರಿಗೆ ಬೆರಳ ತುದಿಯನ್ನು ಮಡಚಿ ತೆರೆಯಬಹುದಾದ ಕೈಗವಸು ಅನುಕೂಲ. ಅಂಗಡಿಯಲ್ಲೇ ಅದನ್ನು ತೊಟ್ಟು ಮೇಜಿನ ಮೇಲಿನ ಒಂದು ರೂಪಾಯಿಯ ನಾಣ್ಯವನ್ನು ಎತ್ತಿ ನೋಡಲಿ.

ತಾಯಂದಿರಿಗೆ ಮುಖ್ಯವಾಗಿ ಹೇಳಬೇಕಾದದ್ದು ಇನ್ನೊಂದಿದೆ. ಏರ್ ರೈಫಲಿನ ಗುಂಡೂ .22 ರೈಫಲಿನ ಗುಂಡೂ ಸಾಮಾನ್ಯವಾಗಿ ಸೀಸದವು. ಅದರ ಧೂಳು ಕೈಗೂ ಕೈಗವಸಿಗೂ ಹತ್ತುತ್ತದೆ. ಮಕ್ಕಳ ಹೊಟ್ಟೆಗೆ ಸೀಸ ಹೋಗುವುದು ಕೇಡು. ಗುರಿಯ ಕೈಗವಸನ್ನು ತಿಂಡಿಯ ಡಬ್ಬಿಯೊಡನೆ ಒಂದೇ ಚೀಲದಲ್ಲಿ ತುರುಕಲು ಬಿಡಬೇಡಿ. ಅಡಿಗೆಮನೆಯ ಗೂಟಕ್ಕೂ ಬೇಡ. ಅಭ್ಯಾಸ ಮುಗಿದೊಡನೆ ಸೋಪು ಹಚ್ಚಿ ಕೈ ತೊಳೆದ ಮೇಲೆಯೇ ಅವಲಕ್ಕಿಯ ಡಬ್ಬಿ ತೆರೆಯಲಿ. ಕೈಗವಸು ಬೆವರಿನಿಂದ ಒದ್ದೆಯಾಗಿದ್ದರೆ ಒಲೆಯ ಹತ್ತಿರವೂ ಬಿಸಿಲಿನಲ್ಲೂ ಇಡದೆ, ನೆರಳಿನಲ್ಲಿ ಗಾಳಿಗೆ ಆರಹಾಕಿ, ಚರ್ಮ ಸೆಟೆದುಕೊಳ್ಳುವುದಿಲ್ಲ.