ಹೊಸಬರನ್ನು ಬರಮಾಡಿಕೊಳ್ಳುವ ಬಗೆ



ವಿದ್ಯಾವರ್ಷದ ಆರಂಭವೆಂದರೆ ಶಾಲೆಗೆ ಹೊಸ ಮಕ್ಕಳೊಡನೆ ಹೊಸ ಉಪಾಧ್ಯಾಯರೂ ಬರುವ ಕಾಲ. ಈ ಸಲ ಶಾಲೆಯ ಮಾತನ್ನು ತುಸು ಬದಿಗಿಟ್ಟು, ಅದರ ನೆರೆಮನೆಯ ಮಾತೊಂದನ್ನು ತಮ್ಮ ಮುಂದಿಡಲು ಬಯಸುತ್ತೇನೆ. ಸೇಲಂ, ಧರ್ಮಪುರಿ ಜಿಲ್ಲೆಗಳ ಹಳ್ಳಿಗಳಲ್ಲಿ ಆರೋಗ್ಯ, ಉಳಿತಾಯ, ಶಿಶುಪಾಲನೆ, ವೃದ್ಧರ ಆರೈಕೆ ಮೊದಲಾದ ಕಾರ್ಯಗಳನ್ನು ನಡೆಸುತ್ತಿರುವ ಸೇವಾಸಂಸ್ಥೆಗಳು ಹಲವಿವೆ. ಅವುಗಳಿಗೆ ವರ್ಷವರ್ಷವೂ ಹೊಸ ಕಾರ್ಯಕರ್ತರು ಬಂದು ಸೇರುತ್ತಾರೆ. ದಾದಿಯ ಶಿಕ್ಷಣವನ್ನೋ ಸಮಾಜಕಾರ್ಯದ ಪದವಿಯನ್ನೋ ಮುಗಿಸಿದ ನಮ್ಮ ಮನೆಯ ಮಕ್ಕಳೂ ಅವರಲ್ಲಿದ್ದಾರೆ. ಇಂತಹವರನ್ನು ಸಂಸ್ಥೆಯೂ ಊರೂ ಹೇಗೆ ಬರಮಾಡಿಕೊಳ್ಳಬೇಕು?

ಇದೇನು ಮಹಾ ವಿಷಯ, ಒಂದು ಹೂಮಾಲೆ, ಒಂದು ಲೋಟ ಕಾಫಿ, ನಾಲ್ಕು ಸವಿಮಾತು ಸಾಲದೆ ಎಂದು ಕೆಲವರು ಕೇಳಬಹುದು. ಸಾಲದು ಎಂಬುದೇ ನನ್ನ ನಮ್ರ ಅಭಿಪ್ರಾಯ. ಬಂದವರು ಮೂರು ತಿಂಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ಹೊರಟರೆ ಅದು ಸಂಸ್ಥೆಯ ನಷ್ಟವೆಂದು ನಾವು ಭಾವಿಸುತ್ತೇವೆ. ನಿಜವಾದ ನಷ್ಟ ಊರಿನದು. ಗಂಡನ ಕುಡಿತವನ್ನೋ, ಮಗುವಿನ ಕುಂದನ್ನೋ, ತನ್ನ ದೇಹದ ಗುಪ್ತವ್ಯಾಧಿಯನ್ನೋ ಒಬ್ಬ ತಾಯಿ ಬಹು ಸಂಕೋಚದಿಂದ ಒಬ್ಬ ಕಾರ್ಯಕರ್ತೆಗೆ ಹೇಳಿಕೊಂಡಿರುತ್ತಾಳೆ. ಆಕೆ ಹೋದ ಮೇಲೆ ಬಂದ ಎರಡನೆಯವಳಿಗೆ ಅದನ್ನೇ ಮತ್ತೆ ಅರ್ಧ ಮನಸ್ಸಿನಿಂದ ಹೇಳುತ್ತಾಳೆ. ಮೂರನೆಯವಳು ಬಂದಾಗ ಬಾಯಿಯನ್ನೇ ತೆರೆಯುವುದಿಲ್ಲ. ಹೀಗೆ ಮುಚ್ಚಿದ ಬಾಯಿಯನ್ನು ಯಾವ ಯೋಜನೆಯೂ ಯಾವ ಅನುದಾನವೂ ತೆರೆಸಲಾರದು. ಆದಕಾರಣ ಸ್ವಾಗತವೆಂಬುದು ಕೇವಲ ಉಪಚಾರದ ಮಾತಲ್ಲ, ಸೇವೆಯ ತಳಪಾಯದ ಮಾತು.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೊಂದು ಉಜ್ವಲ ನಿದರ್ಶನವಿದೆ. ಧರ್ಮಪುರಿ ಜಿಲ್ಲೆಯ ಸಿಟ್ಟಿಲಿಂಗಿ ಕಣಿವೆ ಕಲ್ರಾಯನ್ ಮತ್ತು ಸಿತ್ತೇರಿ ಬೆಟ್ಟಗಳ ನಡುವೆ ಇದೆ. ಅಲ್ಲಿನ ಬಹುಸಂಖ್ಯಾತರು ‘ಮಲೆಯಾಳಿ’ ಎಂಬ ಗಿರಿಜನರು. ಹೆಸರನ್ನು ಕೇಳಿ ಕೇರಳದವರೆಂದು ತಿಳಿಯಬಾರದು. ಮಲೆಯ ಜನರೆಂಬ ಅರ್ಥದಲ್ಲಿ ಬಂದ ಹೆಸರದು, ಅವರ ಮಾತು ತಮಿಳು. ಆ ಕಣಿವೆಯಲ್ಲಿ ಲಂಬಾಣಿ ತಾಂಡಾಗಳೂ ಇವೆ. 1993ರ ಸುಮಾರಿಗೆ ಡಾ. ರೆಜಿ ಜಾರ್ಜ್ ಮತ್ತು ಡಾ. ಲಲಿತಾ ರೆಜಿ ಎಂಬ ತರುಣ ವೈದ್ಯ ದಂಪತಿಗಳು ಅಲ್ಲಿಗೆ ಬಂದು ನೆಲೆಸಿದರು. ಅವರು ಆಲಪ್ಪುಳದ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಗಾಂಧಿಗ್ರಾಮದಲ್ಲಿ ಕೆಲಸ ಮಾಡಿದ್ದವರು. ಆಗ ಕಣಿವೆಯ ರೋಗಿಗೆ ಸಮೀಪದ ಆಸ್ಪತ್ರೆಯೆಂದರೆ ಸುಮಾರು 48 ಕಿಲೋಮೀಟರ್ ದೂರದ ಹರೂರು; ಶಸ್ತ್ರಚಿಕಿತ್ಸೆ ಬೇಕಾದರೆ ಅದಕ್ಕೂ ಬಹುದೂರ ಹೋಗಬೇಕಿತ್ತು. ಹುಟ್ಟಿದ ಸಾವಿರ ಶಿಶುಗಳಲ್ಲಿ 147 ವರ್ಷ ತುಂಬುವ ಮೊದಲೇ ಅಸುನೀಗುತ್ತಿದ್ದವೆಂದು ಅವರ ಸಂಸ್ಥೆಯ ಲೆಕ್ಕ ಹೇಳುತ್ತದೆ.

ಅಂದು ಅಲ್ಲಿ ಹೊಸಬರಾಗಿ ಬಂದವರು ವೈದ್ಯರೇ, ಅವರನ್ನು ಬರಮಾಡಿಕೊಂಡವರು ಕಣಿವೆಯ ಜನ. ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಒಂದು ಗುಡಿಸಲನ್ನು ಗಿರಿಜನರೇ ಕೈಗೂಡಿಸಿ ಕಟ್ಟಿಕೊಟ್ಟರು. ಅದೇ ಮೊದಲ ಆಸ್ಪತ್ರೆಯಾಯಿತು. ಒಂದು ವಿದ್ಯುದ್ದೀಪ, ಒಂದು ಮರದ ಬೆಂಚು ಇಷ್ಟರಲ್ಲಿಯೇ ಹೆರಿಗೆಗಳೂ ನಡೆದವು. ಇದಕ್ಕಿಂತ ದೊಡ್ಡ ಸ್ವಾಗತವುಂಟೇ? ಹೂಮಾಲೆ ಸಂಜೆಗೆ ಬಾಡುತ್ತದೆ. ಊರವರು ಬೆವರು ಸುರಿಸಿ ಕಟ್ಟಿಕೊಟ್ಟ ಮಾಡು, ಬಂದವರನ್ನು ಹೋಗಗೊಡದೆ ಹಿಡಿದು ನಿಲ್ಲಿಸುತ್ತದೆ.

ಆ ಬಳಿಕ ವೈದ್ಯರು ಮಾಡಿದ ಕಾರ್ಯ ಇನ್ನೂ ಗಮನಾರ್ಹ. ಅವರು ದೂರದ ಪಟ್ಟಣಗಳಿಂದ ದಾದಿಯರನ್ನು ಕರೆತರುವುದನ್ನೇ ನಂಬಿಕೊಂಡು ಕೂಡಲಿಲ್ಲ. ಕಣಿವೆಯ ಹೆಣ್ಣುಮಕ್ಕಳನ್ನೇ ಸೇರಿಸಿಕೊಂಡು ರೋಗಿಯ ಶುಶ್ರೂಷೆ, ಹೆರಿಗೆ, ಪ್ರಯೋಗಶಾಲೆಯ ಪರೀಕ್ಷೆ ಮುಂತಾದವುಗಳಲ್ಲಿ ಪಳಗಿಸಿದರು. ಹಳ್ಳಿಗಳವರು ತಾವೇ ಆರಿಸಿ ಕಳುಹಿಸಿದ ನಡುವಯಸ್ಸಿನ ಹೆಂಗಸರು ಆರೋಗ್ಯ ಸಹಾಯಕಿಯರಾಗಿ, ಊರಿಂದೂರಿಗೆ ಹೋಗಿ ಬಸಿರಿಯರನ್ನೂ ಕೂಸುಗಳನ್ನೂ ನೋಡಿಕೊಂಡರು. ಗುಡಿಸಲಿದ್ದಲ್ಲಿ ಕ್ರಮೇಣ ಹಾಸಿಗೆಗಳುಳ್ಳ ಆಸ್ಪತ್ರೆ ಎದ್ದಿತು. ಶಿಶುಮರಣದ ಸಂಖ್ಯೆ ಸಾವಿರಕ್ಕೆ ಇಪ್ಪತ್ತರ ಆಸುಪಾಸಿಗೆ ಇಳಿಯಿತು. ಮುಂದೆ ಸಾವಯವ ಕೃಷಿಕರ ಸಂಘವೂ, ‘ಪೋರ್ಗೈ’ ಎಂಬ ಹೆಸರಿನ ಲಂಬಾಣಿ ಕಸೂತಿಯ ಉದ್ಯಮವೂ ಅಲ್ಲಿ ಬೆಳೆದವು. ಲಂಬಾಣಿ ಮಾತಿನಲ್ಲಿ ಪೋರ್ಗೈ ಎಂದರೆ ಅಭಿಮಾನ ಎಂದರ್ಥ.

ಈ ನಿದರ್ಶನದಿಂದ ನಾವು ಕಲಿಯಬೇಕಾದ ಮೊದಲ ಪಾಠ, ಹೊಸಬರಲ್ಲಿ ಎರಡು ಬಗೆಯವರಿದ್ದಾರೆಂಬುದು. ಹೊರಗಿನಿಂದ ಬಂದ ಹೊಸಬರು ಒಂದು ಬಗೆ. ಊರಿನವರೇ ಆಗಿದ್ದು ಕೆಲಸಕ್ಕೆ ಹೊಸಬರಾದವರು ಇನ್ನೊಂದು ಬಗೆ. ಪಟ್ಟಣದಿಂದ ಬಂದ ವೈದ್ಯರಿಗೆ ನಾವು ಹಾರ ಹಾಕುತ್ತೇವೆ, ಕುರ್ಚಿ ಕೊಡುತ್ತೇವೆ, ಸಭೆಯಲ್ಲಿ ಪರಿಚಯಿಸುತ್ತೇವೆ. ನಮ್ಮದೇ ಬೀದಿಯ ಹುಡುಗಿ ಅದೇ ದಿನ ಸಹಾಯಕಿಯಾಗಿ ಸೇರಿದ್ದರೆ, ‘ಇವಳು ನಮ್ಮವಳೇ ತಾನೆ’ ಎಂದು ಲೋಟ ತೊಳೆಯಲು ಕಳುಹಿಸುತ್ತೇವೆ. ಹೊರಗಿನವರು ಎರಡು ವರ್ಷ ದುಡಿದು ಉನ್ನತ ವ್ಯಾಸಂಗಕ್ಕೆಂದು ಹೊರಡಬಹುದು. ಮೂವತ್ತು ವರ್ಷ ಆ ಸಂಸ್ಥೆಯನ್ನು ಹೊರುವವಳು ಈ ಹುಡುಗಿ. ಅವಳ ಹೆಸರನ್ನೂ ಸಭೆಯಲ್ಲಿ ಗೌರವದಿಂದ ಹೇಳಬೇಕು. ಅವಳ ತಂದೆತಾಯಿಗಳನ್ನು ಕರೆಸಿ, ಮಗಳು ಯಾವ ಕೆಲಸ ಮಾಡುತ್ತಾಳೆ, ಹೊತ್ತುಮೀರಿ ಮನೆಗೆ ಬರುವುದು ಏಕೆ ಎಂಬುದನ್ನು ತಿಳಿಯಹೇಳಬೇಕು. ಹಾಗೆ ಹೇಳದೆ ಹೋದದ್ದರಿಂದಲೇ ಎಷ್ಟೋ ಚುರುಕಾದ ಹೆಣ್ಣುಮಕ್ಕಳು ಮನೆಯವರ ಸಂಶಯಕ್ಕೆ ಗುರಿಯಾಗಿ ಕೆಲಸ ಬಿಟ್ಟಿದ್ದಾರೆ.

ಎರಡನೆಯ ಪಾಠ, ಕೆಲಸವನ್ನು ಒಪ್ಪಿಸಿಕೊಡುವ ಕ್ರಮಕ್ಕೆ ಸಂಬಂಧಿಸಿದ್ದು. ಉಪಾಧ್ಯಾಯರ ತರಬೇತಿಯಲ್ಲಿ ಒಂದು ಒಳ್ಳೆಯ ಪದ್ಧತಿಯುಂಟು. ಶಿಕ್ಷಣಾರ್ಥಿಯನ್ನು ಮೊದಲ ದಿನವೇ ತರಗತಿಯ ಮುಂದೆ ನಿಲ್ಲಿಸುವುದಿಲ್ಲ. ಅವನು ಹಿಂದಿನ ಬೆಂಚಿನಲ್ಲಿ ಕುಳಿತು ಅನುಭವಿಗಳ ಪಾಠವನ್ನು ವೀಕ್ಷಿಸಬೇಕು. ಅನಂತರ ತಾನು ಪಾಠ ಹೇಳಬೇಕು, ಅನುಭವಿಗಳು ಹಿಂದೆ ಕುಳಿತು ನೋಡಬೇಕು. ಕೊನೆಗೆ ಇಬ್ಬರೂ ಕುಳಿತು ಗುಣದೋಷಗಳನ್ನು ವಿಮರ್ಶಿಸಬೇಕು. ಸೇವಾಸಂಸ್ಥೆಗಳಿಗೂ ಇದೇ ಕ್ರಮ ಸಲ್ಲುತ್ತದೆ. ಮೊದಲ ಹದಿನೈದು ದಿನ ಹೊಸಬರ ಕೈಗೆ ದಾಖಲೆ ಪುಸ್ತಕವನ್ನೇ ಕೊಡದೆ, ಹಳಬರೊಡನೆ ಮನೆಮನೆಗೆ ಕಳುಹಿಸಿದರೆ ಸಾಕು. ‘ಇವರು ಇನ್ನು ಮುಂದೆ ನಿಮ್ಮಲ್ಲಿಗೆ ಬರುತ್ತಾರೆ, ನನಗೆ ಹೇಳಿದಂತೆಯೇ ಇವರಿಗೂ ಹೇಳಬಹುದು’ ಎಂಬ ಹಳೆಯ ಕಾರ್ಯಕರ್ತೆಯ ಒಂದು ಮಾತು, ಸಂಸ್ಥೆಯ ಮೊಹರಿನ ಹತ್ತು ಪತ್ರಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಮಹಿಳೆಯರ ಸ್ವಸಹಾಯ ಸಂಘಗಳನ್ನು ಕಂಡವರಿಗೆ ಇದರ ಮಹತ್ವ ಬೇಗ ಅರಿವಾಗುತ್ತದೆ. ತಮಿಳುನಾಡಿನಲ್ಲಿ ಸರ್ಕಾರದ ಆಶ್ರಯದ ಸ್ವಸಹಾಯ ಸಂಘಗಳ ಚಳವಳಿ ಅಂತಾರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ನೆರವಿನಿಂದ 1989ರಲ್ಲಿ ಆರಂಭವಾದದ್ದು ನಮ್ಮ ಧರ್ಮಪುರಿ ಜಿಲ್ಲೆಯಲ್ಲಿಯೇ ಎಂಬುದು ಹೆಮ್ಮೆಯ ಸಂಗತಿ. ಅದಕ್ಕೂ ಮೊದಲೇ ಕರ್ನಾಟಕದಲ್ಲಿ, 1968ರಲ್ಲಿ ಸ್ಥಾಪಿತವಾದ ಮೈರಾಡ ಸಂಸ್ಥೆ ಇಂತಹ ಸಣ್ಣ ಗುಂಪುಗಳನ್ನು ಕಟ್ಟಿ ದಾರಿ ತೋರಿಸಿತ್ತು. ಇಪ್ಪತ್ತಕ್ಕೆ ಮೀರದ ಹೆಂಗಸರು ವಾರವಾರವೂ ಕೂಡಿ, ಕೂಲಿಯ ಹಣದಲ್ಲಿ ಉಳಿಸಿದ್ದನ್ನು ಒಟ್ಟುಗೂಡಿಸುವ ಗುಂಪು ಅದು. ಆ ಗುಂಪಿಗೆ ಲೆಕ್ಕ ತೋರಿಸಿಕೊಡುತ್ತಿದ್ದ ಕಾರ್ಯಕರ್ತೆ ಒಂದು ದಿನ ಹೇಳದೆ ಕೇಳದೆ ಕಾಣೆಯಾಗಿ, ಮರುವಾರ ಅಪರಿಚಿತೆಯೊಬ್ಬಳು ಬಂದು ‘ಪಾಸ್‌ಬುಕ್ ಕೊಡಿ’ ಎಂದರೆ ಏನಾದೀತು? ಹಣ ಭದ್ರವಾಗಿಯೇ ಇದ್ದರೂ ನಂಬಿಕೆ ಭದ್ರವಾಗಿ ಉಳಿಯದು. ಆದ್ದರಿಂದ ಗುಂಪಿನ ಎಲ್ಲ ಸದಸ್ಯೆಯರ ಸಮಕ್ಷಮದಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದಿ, ಹಳಬರು ಒಪ್ಪಿಸಿ, ಹೊಸಬರು ಒಪ್ಪಿಕೊಳ್ಳಬೇಕು.

ಇದು ನಮ್ಮ ನೆಲಕ್ಕೆ ಹೊಸ ಮಾತೇನೂ ಅಲ್ಲ. ಧರ್ಮಪುರಿಯ ಪ್ರಾಚೀನ ಹೆಸರು ತಗಡೂರು. ನೊಳಂಬ ಮಹೇಂದ್ರನ ಕಾಲದ, ಕ್ರಿ.ಶ. 893ರ ಕನ್ನಡ ಶಾಸನವೊಂದು ಅಲ್ಲಿ ದೊರೆತಿದೆ. ನಿಧಿಯಣ್ಣ, ಚಂಡಿಯಣ್ಣ ಎಂಬಿಬ್ಬರು ಅಲ್ಲಿ ಬಸದಿಯನ್ನು ಕಟ್ಟಿಸಿದ್ದನ್ನು ಅದು ದಾಖಲಿಸುತ್ತದೆ. ಕಟ್ಟಿಸಿದಷ್ಟಕ್ಕೆ ಅವರು ತೃಪ್ತರಾಗಲಿಲ್ಲ. ಅದರ ಪೂಜೆಗೂ ಜೀರ್ಣೋದ್ಧಾರಕ್ಕೂ ಒಂದು ಹಳ್ಳಿಯ ಉತ್ಪನ್ನವನ್ನು ಏರ್ಪಡಿಸಿ, ಹೊಣೆಯನ್ನು ಗುರುವೊಬ್ಬರಿಗೆ ಒಪ್ಪಿಸಿಕೊಟ್ಟರು. ಅದನ್ನು ಕಲ್ಲಿನಲ್ಲಿ ಬರೆಯಿಸಿಯೂ ಇಟ್ಟರು. ಸಾವಿರದ ನೂರು ವರ್ಷಗಳ ಹಿಂದೆಯೇ ಒಪ್ಪಿಸಿಕೊಡುವ ಕ್ರಮ ಇಷ್ಟು ಸ್ಪಷ್ಟವಾಗಿದ್ದಾಗ, ಇಂದು ಒಂದು ಪುಟದ ಹಸ್ತಾಂತರ ಪತ್ರ ಬರೆಯಲು ನಮಗೆ ಆಲಸ್ಯವೇಕೆ?

ಮೂರನೆಯದಾಗಿ ಭಾಷೆಯ ಪ್ರಶ್ನೆ. 2004ರವರೆಗೆ ಧರ್ಮಪುರಿ ಜಿಲ್ಲೆಗೇ ಸೇರಿದ್ದು, ಈಗ ಕೃಷ್ಣಗಿರಿ ಜಿಲ್ಲೆಯಲ್ಲಿರುವ ಹೊಸೂರು, ಡೆಂಕಣಿಕೋಟೆಗಳ ಕಡೆ ಕನ್ನಡವೋ ತೆಲುಗೋ ಮನೆಮಾತಾಗಿರುವ ಕುಟುಂಬಗಳು ಹೇರಳವಾಗಿವೆ. ಅಲ್ಲಿಗೆ ಬರುವ ಹೊಸ ದಾದಿಗೆ ತಮಿಳು ಮಾತ್ರ ಗೊತ್ತಿರಬಹುದು. ನಮ್ಮ ಅಜ್ಜಿಯರು ‘ಕಾಯಿಲೆ’ ಎಂದರೆ ಅದು ಯಾವ ರೋಗವೂ ಆಗಿರಬಹುದು. ತಮಿಳಿನ ‘ಕಾಯ್ಚಲ್’ ಎಂದರೆ ಜ್ವರವೇ ಸರಿ. ಧ್ವನಿ ಹತ್ತಿರವಾದುದರಿಂದ, ಎದೆನೋವಿನ ಅಜ್ಜಿಗೆ ಜ್ವರದ ಮಾತ್ರೆ ದೊರೆತರೆ ಆಶ್ಚರ್ಯವಿಲ್ಲ. ಇಲ್ಲಿ ತಪ್ಪು ದಾದಿಯದೂ ಅಲ್ಲ, ಅಜ್ಜಿಯದೂ ಅಲ್ಲ. ನೋವು, ಹೆರಿಗೆ, ಮುಟ್ಟು, ಮಗುವಿನ ಹಾಲು ಇವಕ್ಕೆ ಆಯಾ ಮನೆಗಳಲ್ಲಿ ಬಳಸುವ ಐವತ್ತು ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದು ಹೊಸಬರ ಕೈಗಿತ್ತರೆ ಎಷ್ಟು ಉಪಕಾರವಾದೀತು! ಈ ಕೆಲಸವನ್ನು ನಮ್ಮ ಎಂಟನೆಯ ತರಗತಿಯ ಮಕ್ಕಳೇ ಮಾಡಬಲ್ಲರು.

ನಾಲ್ಕನೆಯದು, ಕೇಳಬಾರದ ಪ್ರಶ್ನೆಗಳ ತಿಳಿವಳಿಕೆ. ಹೆಣ್ಣುಶಿಶುಗಳ ಹತ್ಯೆಯನ್ನು ತಡೆಯಲೆಂದು ತಮಿಳುನಾಡು ಸರ್ಕಾರ 1992ರಲ್ಲಿ ತೊಟ್ಟಿಲು ಮಗು ಯೋಜನೆಯನ್ನು ಮೊದಲು ಜಾರಿಗೆ ತಂದದ್ದು ಸೇಲಂ ಜಿಲ್ಲೆಯಲ್ಲಿ. ಆ ನೋವಿನ ನೆರಳು ಕೆಲವು ಮನೆಗಳಲ್ಲಿ ಇನ್ನೂ ಉಳಿದಿರಬಹುದು. ಅಂತಹ ಮನೆಯ ಹೊಸ್ತಿಲಲ್ಲಿ ನಿಂತು, ಪುಸ್ತಕ ತೆರೆದು, ‘ಎಷ್ಟು ಹೆತ್ತಿರಿ? ಎಷ್ಟು ಉಳಿದವು?’ ಎಂದು ಮೊದಲ ದಿನವೇ ಕೇಳುವ ಕಾರ್ಯಕರ್ತೆಗೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಇದನ್ನು ಯಾವ ಕಾಲೇಜೂ ಕಲಿಸದು, ಹಳಬರೇ ಕಲಿಸಬೇಕು. ಅಂತೆಯೇ ಹೊಸಬರ ಹಕ್ಕುಗಳನ್ನೂ ಮೊದಲ ದಿನವೇ ತಿಳಿಸಬೇಕು. ವೇತನ ಎಷ್ಟು, ಯಾವ ದಿನ, ರಜೆ ಎಷ್ಟು, ರಾತ್ರಿಯ ಕೆಲಸಕ್ಕೆ ಜೊತೆಗಾರರು ಯಾರು ಎಂಬುದು ಬರವಣಿಗೆಯಲ್ಲಿರಲಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಪ್ರತಿಯೊಂದು ಸಂಸ್ಥೆಯಲ್ಲಿಯೂ, ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯಿದೆ ವಿಧಿಸುತ್ತದೆ. ಸಮಿತಿಯಲ್ಲಿ ಯಾರಿದ್ದಾರೆಂಬುದನ್ನು ಹೊಸ ಹುಡುಗಿ ಕೇಳುವ ಮೊದಲೇ ಹೇಳುವುದು ಸಂಸ್ಥೆಯ ಧರ್ಮ. ಸೇವೆಯ ಹೆಸರಿನಲ್ಲಿ ಸೇವಕರ ಹಕ್ಕನ್ನು ಮರೆಸುವುದು ಸೇವೆಯಾಗದು.

ಇನ್ನು ಹಳಬರ ಮನಸ್ಸಿನ ಮಾತು. ‘ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದ’ ಎಂಬ ಗಾದೆಯನ್ನು ಹೊಸಬರ ಉತ್ಸಾಹದ ಮೇಲೆ ಎಸೆಯುವುದು ನಮ್ಮಲ್ಲೊಂದು ರೂಢಿಯಾಗಿಬಿಟ್ಟಿದೆ. ಗಾದೆಯಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಆ ಆರಂಭದ ಹುರುಪನ್ನು ನಗೆಯಾಡಿ ತಣಿಸುವುದಕ್ಕಿಂತ, ಅದನ್ನು ಹದವಾಗಿ ಹಂಚಿಕೊಂಡು ವರ್ಷವಿಡೀ ಬಾಳುವಂತೆ ಮಾಡುವುದು ಹಿರಿಯರಿಗೆ ಶೋಭೆ. ಹೊಸಬರ ಕಣ್ಣಿಗೆ ಹಳಬರು ಕಾಣದೆ ಬಿಟ್ಟ ಕೊರತೆಗಳು ಕಾಣಿಸುತ್ತವೆ. ಮೊದಲ ತಿಂಗಳ ಕೊನೆಯಲ್ಲಿ ಅವರನ್ನು ಕೂರಿಸಿಕೊಂಡು, ‘ನೀವು ಇಲ್ಲಿ ಕಂಡ ಕೊರತೆಯೇನು?’ ಎಂದು ಕೇಳಿ, ಉತ್ತರವನ್ನು ಮುನಿಸಿಲ್ಲದೆ ಆಲಿಸುವ ಸಂಸ್ಥೆ ಬೆಳೆಯುತ್ತದೆ.

ಹೊಸಬರಿಗೂ ಒಂದೆರಡು ಮಾತು. ‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?’ ಎಂಬುದು ಹಿರಿಯರ ನುಡಿ. ಊರಿನ ಸೇವೆಗೆ ಬಂದ ಮೇಲೆ ಊರಿನ ನೀರು, ನೆರಳು, ಜಾತ್ರೆ, ಸಾವು ಎಲ್ಲದರಲ್ಲಿಯೂ ಪಾಲುಗೊಳ್ಳಬೇಕು. ಮೊದಲ ವರ್ಷ ಕಲಿಸುವುದಕ್ಕಿಂತ ಕಲಿಯುವುದೇ ಹೆಚ್ಚಾಗಿರಲಿ. ಓದಿಲ್ಲದ ಆರೋಗ್ಯ ಸಹಾಯಕಿಗೆ ಯಾವ ಮನೆಯ ಸೊಸೆ ಅನ್ನ ಬಿಟ್ಟಿದ್ದಾಳೆಂಬುದು ಗೊತ್ತಿರುತ್ತದೆ. ಆ ಅರಿವಿನ ಮುಂದೆ ಪದವೀಧರರು ತಲೆಬಾಗಿದರೆ ಕುಂದಿಲ್ಲ.

ತಗಡೂರಿನ ಅರಸ ಅದಿಯಮಾನ್, ದೀರ್ಘಾಯುಷ್ಯದ ನೆಲ್ಲಿಕಾಯಿಯನ್ನು ತಾನು ತಿನ್ನದೆ ಕವಯಿತ್ರಿ ಔವೈಯಾರಿಗೆ ಕೊಟ್ಟನೆಂಬ ಕಥೆ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಅದೇ ಔವೈಯಾರ್ ಅದೇ ಅರಸನ ಬಾಗಿಲಲ್ಲಿ ಕಾದು ಬೇಸತ್ತು, ಬಾಗಿಲು ಕಾಯುವವನನ್ನು ಕುರಿತು ಹಾಡಿದ ಪದ್ಯವೂ ಪುರನಾನೂರಿನಲ್ಲಿದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಅಷ್ಟು ಉದಾರಿಯ ಅರಮನೆಯಲ್ಲಿಯೂ ಬಂದವರು ಬಾಗಿಲಲ್ಲಿ ಕಾಯಬೇಕಾದ ಪ್ರಸಂಗ ಒದಗಿತ್ತು ಎಂದಮೇಲೆ, ನಮ್ಮ ಸಣ್ಣ ಸಂಸ್ಥೆಗಳು ಎಷ್ಟು ಎಚ್ಚರದಿಂದಿರಬೇಕು!

ಕೊನೆಯದಾಗಿ ವಾಚಕರಲ್ಲಿ ಒಂದು ವಿಜ್ಞಾಪನೆ. ತಮ್ಮ ಊರಿಗೆ ಹೊಸ ದಾದಿಯೋ, ಸಮಾಜ ಕಾರ್ಯಕರ್ತನೋ, ಅಂಗನವಾಡಿಯ ಶಿಕ್ಷಕಿಯೋ ಬಂದಿದ್ದರೆ, ಇರಲು ಒಂದು ಯೋಗ್ಯವಾದ ಕೋಣೆ, ಮೊದಲ ವಾರದ ಒಂದೆರಡು ಊಟ, ಜಾತಿಯನ್ನು ವಿಚಾರಿಸದ ಒಂದು ಪಂಕ್ತಿ ಇಷ್ಟನ್ನು ಒದಗಿಸಿರಿ. ಸಂಸ್ಥೆ ಕೊಡುವ ನೇಮಕಾತಿ ಪತ್ರ ಅವರನ್ನು ಕೆಲಸಕ್ಕೆ ಸೇರಿಸುತ್ತದೆ. ಊರಿಗೆ ಸೇರಿಸಿಕೊಳ್ಳುವವರು ನಾವು.